ಬ್ಯಾಕಪ್ಪಿನಲ್ಲಿ ಇಲ್ಲದ ಧಾರೆ

ನನ್ನ ಲ್ಯಾಪ್‌ಟಾಪಿನಲ್ಲಿ ಫೋಟೊಗಳನ್ನು ಜೋಡಿಸಿಡುವ ಒಂದು ಸಾಫ್ಟ್‌ವೇರ್ ಇದೆ. ಮುಚ್ಚಲು ಹೊರಟಾಗಲೆಲ್ಲ ಅದು ಬಾಗಿಲಿಗೆ ಅಡ್ಡ ನಿಂತು, ಬ್ಯಾಕಪ್ ಮಾಡಲೇ ಎಂದು ಕೇಳುತ್ತದೆ. ನಾನು ಪ್ರತಿ ಸಲವೂ ಮಾಡು ಎಂದಿದ್ದೇನೆ. ಹೆಂಡತಿ ಊಟಕ್ಕೆ ಕರೆಯುತ್ತಿದ್ದರೂ ಏಳದೆ, ಪರದೆಯ ಮೇಲೆ ಹಸಿರು ಗೆರೆ ಎಡದಿಂದ ಬಲಕ್ಕೆ ತೆವಳಿ ಮುಗಿಯುವವರೆಗೆ ಕುಳಿತು ನೋಡಿದ್ದೇನೆ. ಕೊನೆಯಲ್ಲಿ ಬ್ಯಾಕಪ್ ಯಶಸ್ವಿಯಾಗಿದೆ ಎಂಬ ಸಾಲು ಬರುತ್ತಿತ್ತು. ಆ ಸಾಲು ಬರೆದ ಮನುಷ್ಯ ಯಾವ ದೇಶದಲ್ಲಿದ್ದಾನೋ ಗೊತ್ತಿಲ್ಲ. ಎದುರಿಗೆ ಸಿಕ್ಕಿದರೆ ಒಂದೇ ಮಾತು ಕೇಳುವುದಿದೆ: ಯಾವುದರ ಬ್ಯಾಕಪ್ಪು, ಮಾರಾಯ?

ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು, ಮನೆ ಮಣಿಪಾಲದಲ್ಲಿ. ಫೋಟೊ ನನ್ನ ಕಸುಬಲ್ಲ, ಹುಚ್ಚು. ಆದರೆ ದೊಡ್ಡ ಕ್ಯಾಮರಾ ಇರುವ ಅಳಿಯನೊಬ್ಬ ಸಿಕ್ಕಿಬಿಟ್ಟರೆ ಹೆಂಡತಿಯ ಕಡೆಯವರು ಮತ್ತೆ ಹೊರಗಿನ ಫೋಟೊಗ್ರಾಫರನ್ನು ಕರೆಯುವುದಿಲ್ಲ. ಸೀಮಂತವಿರಲಿ, ತೊಟ್ಟಿಲು ಹಾಕುವುದಿರಲಿ, ಹೊಸ ಮನೆಯ ಒಕ್ಕಲಿರಲಿ, 'ಅಳಿಯ ಇದ್ದಾರಲ್ಲ' ಎಂಬ ಒಂದು ಮಾತಿನಲ್ಲಿ ಮುಗಿಯಿತು. ಹಾಗಾಗಿ ನಾನು ಯಾವ ಸಮಾರಂಭದಲ್ಲಿಯೂ ಬಿಸಿ ಊಟ ಉಂಡವನಲ್ಲ. ನನ್ನದು ಯಾವಾಗಲೂ ಕೊನೆಯ ಪಂಕ್ತಿ, ಬಡಿಸಿದವರ ಜೊತೆ. ಆ ಹೊತ್ತಿಗೆ ಪಾಯಸ ತಳ ಹಿಡಿದಿರುತ್ತದೆ.

ನಾನು ತೆಗೆಯುವುದೆಲ್ಲ ರಾ ಕಡತಗಳಲ್ಲಿ. ಫೋನಿನಲ್ಲಿ ಕಾಣುವ ಮಾಮೂಲಿ ಫೋಟೊ ಬೇಯಿಸಿದ ಅನ್ನವಾದರೆ ರಾ ಎಂದರೆ ಅಕ್ಕಿ. ಕ್ಯಾಮರಾ ಕಂಡದ್ದೆಲ್ಲ ಅದರಲ್ಲಿ ಹಾಗೆಯೇ ಇರುತ್ತದೆ, ಬೆಳಕು ನೆರಳು ಬಣ್ಣವನ್ನೆಲ್ಲ ನಾವು ಆಮೇಲೆ ಕುಳಿತು ಹದ ಮಾಡಬೇಕು. ನಾನು ನಿಧಾನಸ್ಥ. ಹದವಾಗದ ಫೋಟೊವನ್ನು ಯಾರಿಗೂ ಕೊಡುವುದಿಲ್ಲ. ಹದವಾದರೂ ವಾಟ್ಸಾಪಿನಲ್ಲಿ ಕಳುಹಿಸುವುದಿಲ್ಲ, ಏಕೆಂದರೆ ಅದು ಫೋಟೊವನ್ನು ಕಬ್ಬಿನ ಗಾಣಕ್ಕೆ ಕೊಟ್ಟಂತೆ ಹಿಂಡಿ ಹಿಪ್ಪೆ ಮಾಡುತ್ತದೆ. ಇದು ನನ್ನ ಸಿದ್ಧಾಂತವಾಗಿತ್ತು. ಇಂಥ ಸಿದ್ಧಾಂತ ಕ್ಯಾಮರಾ ಹಿಡಿದವರಿಗೆ ಮಾತ್ರ ಇರಲು ಸಾಧ್ಯ. ಉಳಿದವರೆಲ್ಲ ಫೋಟೊ ತೆಗೆದ ಕೂಡಲೇ ನಾಲ್ಕು ಜನರಿಗೆ ಕಳುಹಿಸಿ ಸುಖವಾಗಿರುತ್ತಾರೆ.

ಕಾಪುವಿನಲ್ಲಿ ನನ್ನ ನಾದಿನಿಯ ಮದುವೆ ನಡೆಯಿತು. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಮ್ಮ ಕಡೆ ಧಾರೆ ಎಂದರೆ ಮದುವೆಯ ಪ್ರಾಣ: ಮದುಮಕ್ಕಳ ಕೈ ಕೂಡಿಸಿ, ಹೆಣ್ಣಿನ ತಂದೆ ತಾಯಿ ಗಿಂಡಿಯಿಂದ ನೀರು ಎರೆಯಬೇಕು. ಗಂಡ ಇಲ್ಲದ ತಾಯಿ ಎರೆಯುವ ಕ್ರಮ ಇಲ್ಲ. ಬೇಡ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆ ಹೊತ್ತಿಗೆ ಅವಳಿಗೆ ಅಡುಗೆಮನೆಯ ಕಡೆ ಏನಾದರೊಂದು ಕೆಲಸ ಬೀಳುತ್ತದೆ. ಎರೆಯುವುದು ದೊಡ್ಡಪ್ಪ ಮತ್ತು ದೊಡ್ಡಮ್ಮ ಎಂದು ಎಲ್ಲರೂ ತಿಳಿದಿದ್ದರು. ದೊಡ್ಡಪ್ಪ ಎಂದರೆ ಮಾವನ ಅಣ್ಣ, ಉಡುಪಿಯಲ್ಲಿ ಮನೆ. ಒಳ್ಳೆಯ ಮನುಷ್ಯ. ಹಾಲ್ ಗೊತ್ತು ಮಾಡುವುದರಿಂದ ಹಿಡಿದು ಅಡಕೆಯ ಹಿಂಗಾರದವರೆಗೆ ಎಲ್ಲವನ್ನೂ ಓಡಾಡಿ ತಂದವರು ಅವರೇ.

ಮಂಟಪದಲ್ಲಿ ದೊಡ್ಡಪ್ಪ ಶಾಲು ಸರಿಮಾಡಿಕೊಂಡು ಗಿಂಡಿಗೆ ಕೈ ಹಾಕುವಾಗ ಮದುಮಗಳು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

'ಅಮ್ಮ ಬರ್ಲಿ. ಅಮ್ಮ ಎರೆಯುದಾದ್ರೆ ನಾನು ಕೈ ಕೊಡುದು.'

ಒಂದು ಕ್ಷಣ ವಾಲಗದವರೂ ನಿಲ್ಲಿಸಿದರು. ದೊಡ್ಡಪ್ಪ ಭಟ್ಟರ ಮುಖ ನೋಡಿದರು. ಭಟ್ಟರು ಗಡಿಯಾರ ನೋಡಿದರು.

'ತಾಯಿ ಎರೆದರೆ ದೋಷ ಅಂತ ನಾನು ಎಲ್ಲಿಯೂ ಓದಿಲ್ಲ. ಮುಹೂರ್ತ ಮೀರ್ತಾ ಉಂಟು. ಯಾರಾದರೂ ಬೇಗ ಹಿಡೀರಿ' ಎಂದರು.

ಅತ್ತೆ ಕಂಬದ ಹಿಂದಿನಿಂದ ಬಂದರು. ಒದ್ದೆಯಿಲ್ಲದ ಕೈಯನ್ನು ಎರಡು ಸಲ ಸೆರಗಿಗೆ ಒರೆಸಿಕೊಂಡರು. ಗಿಂಡಿ ಎತ್ತಿ ಒಬ್ಬರೇ ಎರೆದರು. ನಾನು ಮಂಟಪದ ಮೂಲೆಯಲ್ಲಿ ಮಂಡಿಯೂರಿ ಕುಳಿತಿದ್ದೆ. ನೀರಿನ ಎಳೆ ಗಿಂಡಿಯ ಮೂತಿಯಿಂದ ಮಗಳ ಕೈಗೆ ಇಳಿಯುತ್ತಿದ್ದುದು, ಅತ್ತೆಯ ಬಿಗಿದ ತುಟಿ, ಪಕ್ಕದಲ್ಲಿ ಎದೆಯ ಮೇಲೆ ಕೈ ಕಟ್ಟಿ ನಿಂತು ಬೇರೆಲ್ಲಿಗೋ ನೋಡುತ್ತಿದ್ದ ದೊಡ್ಡಪ್ಪ, ಎಲ್ಲವೂ ಒಂದೇ ಫೋಟೊದಲ್ಲಿ ಬಂದವು. ಬೇರೆ ಯಾರೂ ಅದನ್ನು ತೆಗೆಯಲಿಲ್ಲ. ಧಾರೆಯ ಹೊತ್ತಿಗೆ ನಮ್ಮ ಅರ್ಧ ನೆಂಟರು ಮೊದಲ ಪಂಕ್ತಿ ಹಿಡಿಯಲು ಊಟದ ಹಾಲಿನ ಬಾಗಿಲಲ್ಲಿ ನಿಂತಿರುತ್ತಾರೆ. ಉಳಿದವರ ಮೊಬೈಲಿನಲ್ಲಿ ಬಂದದ್ದು ಮುಂದೆ ನಿಂತವರ ಬೆನ್ನು.

ಅತ್ತೆ ಎರೆದ ಮೇಲೆ ಎಂದಿನಂತೆ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಗಿಂಡಿಗೆ ಕೈ ತಾಗಿಸಿದರು. ಮೊದಲು ಬಂದದ್ದು ದೊಡ್ಡಪ್ಪ. ಅದನ್ನೂ ತೆಗೆದೆ.

ಆಲ್ಬಮ್ಮಿಗೆ ಫೋಟೊ ಆರಿಸುವುದು ಮನೆಯ ಹಿರಿಯರು. ದೊಡ್ಡಪ್ಪ ಮಣಿಪಾಲಕ್ಕೆ ಬಂದು, ನನ್ನ ಕುರ್ಚಿಯಲ್ಲಿ ಕುಳಿತು, ಪರದೆಗೆ ಬೆರಳು ತಾಗಿಸಿ ತಾಗಿಸಿ ಆರಿಸಿದರು. ಅತ್ತೆ ಎರೆಯುವ ಫೋಟೊ ಬಂದಾಗ ಬೆರಳು ಹಿಂದೆ ತೆಗೆದು, 'ಇದು ಬೇಡ. ಇದರಲ್ಲಿ ನಾನು ಸರಿ ಬರ್ಲಿಲ್ಲ' ಎಂದರು. ಅದರ ಜಾಗಕ್ಕೆ ತಾವು ಗಿಂಡಿಗೆ ಕೈ ತಾಗಿಸಿದ ಫೋಟೊ ಹಾಕಿಸಿದರು. ಅದರಲ್ಲಿ ಅತ್ತೆಯ ಸೀರೆಯ ಹಸಿರು ತುಂಡೊಂದು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಆಲ್ಬಮ್ ಕೊಡಲು ಕಾಪುವಿಗೆ ಹೋದಾಗ ನಾನು ಈ ವಿಷಯ ಅತ್ತೆಗೆ ಹೇಳಿದೆ. ಅವರು ನನಗೆ ಒಯ್ಯಲು ಚೀಲಕ್ಕೆ ಮಟ್ಟುಗುಳ್ಳ ಬದನೆ ತುಂಬಿಸುತ್ತಿದ್ದರು.

'ಇರ್ಲಿ ಬಿಡಿ. ಆಲ್ಬಮ್ಮಿನಲ್ಲಿ ಇಲ್ಲದಿದ್ರೆ ಎಂತ, ನಿಮ್ಮ ಹತ್ರ ಉಂಟಲ್ಲ?'

'ಉಂಟು ಅತ್ತೆ. ಬ್ಯಾಕಪ್ ಕೂಡ ಉಂಟು.'

ಬ್ಯಾಕಪ್ ಎಂದರೆ ಏನೆಂದು ಅವರು ಕೇಳಿದರು. ಒಂದು ಹೋದರೆ ಇನ್ನೊಂದು ಇರುವ ವ್ಯವಸ್ಥೆ ಎಂದೆ. ಅವರಿಗೆ ಸಮಾಧಾನವಾಯಿತು.

ಈಗ ಕಾರ್ಕಳದ ಮಾತು. ಅಲ್ಲಿ ಚಿಕ್ಕಮ್ಮ ಇದ್ದಾರೆ, ಮಾವನ ತಮ್ಮನ ಹೆಂಡತಿ, ಅತ್ತೆಯ ಓರಗಿತ್ತಿ. ಅವರ ಗಂಡನೂ ಈಗ ಇಲ್ಲ. ಕಳೆದ ವರ್ಷ ಅವರ ಒಬ್ಬಳೇ ಮಗಳಿಗೆ ಮದುವೆ ನಿಶ್ಚಯವಾಯಿತು. ಚಿಕ್ಕಮ್ಮ ಜೋರು ಮಾತಿನವರಲ್ಲ. ಆದರೂ ಧೈರ್ಯ ಮಾಡಿ ದೊಡ್ಡಪ್ಪನಿಗೆ ಫೋನ್ ಮಾಡಿ, ಧಾರೆ ನಾನೇ ಎರೆಯುತ್ತೇನೆ ಎಂದರಂತೆ. ನಮ್ಮ ಕುಟುಂಬದಲ್ಲಿ ಹಾಗೆ ನಡೆದದ್ದಿಲ್ಲ ಎಂದು ದೊಡ್ಡಪ್ಪ ಹೇಳಿದರು. ಕಾಪುವಿನಲ್ಲಿ ನಡೆದದ್ದು ಎಂತ ಹಾಗಾದರೆ ಎಂದು ಇವರು ಕೇಳಿದರು. ಕಾಪುವಿನಲ್ಲಿ ಗಿಂಡಿ ಹಿಡಿದದ್ದು ನಾನು, ಅವಳು ಕೈ ತಾಗಿಸಿದ್ದು ಅಷ್ಟೆ, ಬೇಕಾದರೆ ಆಲ್ಬಮ್ ನೋಡು ಎಂದರು ದೊಡ್ಡಪ್ಪ.

ನನಗೆ ಸಿಟ್ಟು ಬರಿಸಿದ್ದು ಅವರು ಸುಳ್ಳು ಹೇಳುತ್ತಿಲ್ಲ ಎಂಬುದೇ. ಅವರಿಗೆ ಹಾಗೆಯೇ ನೆನಪಿತ್ತು. ತಮ್ಮ ಮನೆಯಲ್ಲಿದ್ದ ಆಲ್ಬಮ್ಮಿನ ಪ್ರತಿಯನ್ನು ಬಂದವರಿಗೆಲ್ಲ ತೋರಿಸಿ ತೋರಿಸಿ, ಅದರಲ್ಲಿ ಇರುವುದೇ ನಡೆದದ್ದು ಎಂದು ಅವರ ಮನಸ್ಸಿಗೆ ಇಳಿದುಬಿಟ್ಟಿತ್ತು.

ಅತ್ತೆ ಆ ದಿನವೇ ನನಗೆ ಫೋನ್ ಮಾಡಿದರು. ಅವರ ದನಿಯಲ್ಲಿ ನಾನು ಹಿಂದೆಂದೂ ಕೇಳದ ಹುರುಪು ಇತ್ತು.

'ಆ ಫೋಟೊ ಸ್ವಲ್ಪ ದೊಡ್ಡದು ಮಾಡಿ ತನ್ನಿ. ಆದಿತ್ಯವಾರ ಕಾರ್ಕಳದಲ್ಲಿ ಎಲ್ಲ ಕೂತು ಮಾತಾಡ್ಲಿಕ್ಕೆ ಉಂಟು. ನಾನು ಅವಳಿಗೆ ಮೊದಲೇ ಹೇಳಿದ್ದೆ, ಅಳಿಯನ ಹತ್ರ ಉಂಟು, ನೀನು ಹೆದರಬೇಡ ಅಂತ.'

ಸಂಜೆ ಕಾಲೇಜಿನಿಂದ ಬಂದವನೇ ಫೋಟೊಗಳಿದ್ದ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅದು ಟಿಕ್ ಎಂದಿತು. ಮತ್ತೆ ಟಿಕ್ ಎಂದಿತು. ಆಮೇಲೆ ಹಲ್ಲಿ ಲೊಚಗುಟ್ಟಿದ ಹಾಗೆ ಅದನ್ನೇ ಮಾಡುತ್ತ ಕುಳಿತಿತು. ಕೇಬಲ್ ಬದಲಿಸಿದೆ, ಲ್ಯಾಪ್‌ಟಾಪ್ ಬದಲಿಸಿದೆ, ಊದಿದೆ. ಹೆಂಡತಿ ಬಂದು ಎಂತಾಯಿತು ಎಂದು ಕೇಳಿದಳು.

'ಡಿಸ್ಕ್ ಹೋಗಿದೆ. ತಲೆಬಿಸಿ ಇಲ್ಲ, ಬ್ಯಾಕಪ್ ಉಂಟು' ಎಂದೆ. ಹಾಗೆ ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಕಾಲೇಜಿನಲ್ಲಿ ಎಷ್ಟು ಜನ ಡಿಸ್ಕ್ ಕಳೆದುಕೊಂಡು ಗೋಳಾಡಿದ್ದನ್ನು ನೋಡಿದ್ದೇನೆ.

ಬ್ಯಾಕಪ್ಪಿನ ಕಡತ ಬೇರೊಂದು ಡಿಸ್ಕಿನಲ್ಲಿತ್ತು. ಅದನ್ನು ತೆರೆದೆ. ಸಾಫ್ಟ್‌ವೇರ್ ಎಲ್ಲವನ್ನೂ ಸಾಲಾಗಿ ತೋರಿಸಿತು. ಕಾಪುವಿನ ಮದುವೆ, ದಿನಾಂಕ, ಗಂಟೆ, ಲೆನ್ಸು. ಧಾರೆಯ ಫೋಟೊಕ್ಕೆ ನಾನು ಕೊಟ್ಟಿದ್ದ ಐದು ನಕ್ಷತ್ರಗಳೂ ಇದ್ದವು. ಅತ್ತೆಯ ಮುಖದ ನೆರಳನ್ನು ಎಷ್ಟು ಎತ್ತಿದ್ದೆ, ಸೀರೆಯ ಹಸಿರನ್ನು ಎಷ್ಟು ತಗ್ಗಿಸಿದ್ದೆ, ಬಲಬದಿಯ ಪ್ಲಾಸ್ಟಿಕ್ ಕುರ್ಚಿಯನ್ನು ಎಲ್ಲಿ ಕತ್ತರಿಸಿದ್ದೆ, ಅದೂ ಇತ್ತು. ಫೋಟೊ ಮಾತ್ರ ಇರಲಿಲ್ಲ. ಬೆರಳುಗುರಿನಷ್ಟು ಒಂದು ಚಿತ್ರ, ಅದರ ಮೂಲೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಒತ್ತಿದರೆ, ಮೂಲ ಕಡತ ಸಿಗುತ್ತಿಲ್ಲ, ಎಲ್ಲಿದೆ ಎಂದು ತೋರಿಸಿ ಎಂದಿತು. ನಾನು ಕೇಳಬೇಕಾದ್ದನ್ನು ಅದು ನನ್ನನ್ನೇ ಕೇಳುತ್ತಿತ್ತು.

ಅದರ ಸಹಾಯಪುಟಗಳನ್ನು ಹುಡುಕಿದೆ. ಅಲ್ಲಿ ನನ್ನ ಹಾಗೆ ಅತ್ತವರ ಒಂದು ದೊಡ್ಡ ಸಂತೆಯೇ ನೆರೆದಿತ್ತು. ಅವರಿಗೆಲ್ಲ ಒಂದೇ ಉತ್ತರ: ಈ ಬ್ಯಾಕಪ್ ಪಟ್ಟಿಯದ್ದು ಮಾತ್ರ, ಫೋಟೊಗಳದ್ದಲ್ಲ, ಫೋಟೊಗಳನ್ನು ನೀವೇ ಬೇರೆ ನಕಲು ಮಾಡಿಟ್ಟುಕೊಳ್ಳಬೇಕು, ಈ ಮಾತನ್ನು ಬ್ಯಾಕಪ್ ಕೇಳುವ ಪೆಟ್ಟಿಗೆಯಲ್ಲಿಯೇ ತಿಳಿಸಿದ್ದೇವಲ್ಲ. ಹೌದಾ ಎಂದು ಮುಚ್ಚುವ ಗುಂಡಿ ಒತ್ತಿ ನೋಡಿದರೆ, ಆ ಪೆಟ್ಟಿಗೆಯ ಅಡಿಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಆ ಸಾಲು ನಿಜವಾಗಿಯೂ ಇದೆ. ಮದುವೆ ಕಾಗದದ ಕೊನೆಯಲ್ಲಿ ಆಶೀರ್ವಾದವೇ ಉಡುಗೊರೆ ಎಂದು ಅಚ್ಚು ಹಾಕಿಸಿದ ಹಾಗೆ, ಯಾರೂ ಓದದ ಜಾಗದಲ್ಲಿ. ಯಶಸ್ವಿಯಾಗಿದೆ ಎಂಬ ಸಾಲು ಮಾತ್ರ ಇಷ್ಟು ದಪ್ಪ. ಮೈ ಪರಚಿಕೊಳ್ಳುವಂತಾಯಿತು. ಹೆಸರಿನ ಪಟ್ಟಿಯನ್ನು ಕಾಪಾಡಿ ಮನುಷ್ಯರನ್ನು ಕಡಲಿಗೆ ಬಿಟ್ಟವನು, ಅದಕ್ಕೆ ಬ್ಯಾಕಪ್ ಎಂದು ಯಾಕೆ ಹೆಸರಿಡಬೇಕಿತ್ತು? ಪಟ್ಟಿ ಎಂದು ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಎತ್ತು ಈಯಿತು ಎಂದು ಅದು ಹೇಳಿತು, ನಾನು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಕಟ್ಟಿದೆ.

ಮರುದಿನ ಉಡುಪಿಯಲ್ಲಿ ಡಿಸ್ಕ್ ರಿಪೇರಿ ಮಾಡುವ ಅಂಗಡಿಗೆ ಹೋದೆ. ಅಂಗಡಿಯವರು ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದರು.

'ಒಳಗೆ ಗೀರು ಬಿದ್ದಿದೆ ಸರ್. ದೊಡ್ಡ ಊರಿಗೆ ಕಳಿಸಬಹುದು, ತಿಂಗಳು ಹಿಡೀತದೆ, ಸಿಗ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ. ಬ್ಯಾಕಪ್ ಇಲ್ವಾ?'

'ಉಂಟು' ಎಂದೆ.

'ಮತ್ತೆ ಎಂತ ಸರ್ ಟೆನ್ಶನ್?'

ನಾನು ಡಿಸ್ಕನ್ನು ಕಳಿಸಲು ಬಿಟ್ಟು ಬಂದೆ. ಅದು ಒಂದೂವರೆ ತಿಂಗಳ ಮೇಲೆ, ಏನೂ ಸಿಗಲಿಲ್ಲ ಎಂಬ ಚೀಟಿಯೊಂದಿಗೆ ಹಿಂದೆ ಬಂತು. ಅಂಗಡಿಯಿಂದ ಬಂದವನೇ ಪಡುಬಿದ್ರಿಯಲ್ಲಿರುವ ನಾದಿನಿಗೆ ಫೋನ್ ಮಾಡಿದ್ದೆ. 'ನಮ್ಮಲ್ಲಿ ಆಲ್ಬಮ್ ಮಾತ್ರ ಭಾವ. ಎಲ್ಲ ನಿಮ್ಮಲ್ಲಿ ಉಂಟಲ್ವಾ?' ಎಂದಳು. ಕ್ಯಾಮರಾದ ಕಾರ್ಡಿನ ಮೇಲೆ ಅದಾದ ಮೇಲೆ ಎಷ್ಟೋ ತೊಟ್ಟಿಲು, ಎಷ್ಟೋ ಒಕ್ಕಲು ಬಂದು ಹೋಗಿದ್ದವು. ಹೆಂಡತಿ ಒಂದೇ ಮಾತು ಹೇಳಿದಳು: 'ಅಮ್ಮನಿಗೆ ಒಂದು ಪ್ರಿಂಟ್ ತೆಗೆದು ಕೊಟ್ಟಿದ್ರೆ ಆಗ್ತಿತ್ತು.' ಅತ್ತೆಯ ಕುತ್ತಿಗೆಯ ಹತ್ತಿರ ನೆರಳು ಇನ್ನೂ ಸರಿಬರಲಿಲ್ಲ ಎಂದು ನಾನು ಪ್ರಿಂಟ್ ತೆಗೆಯದೆ ಇಟ್ಟಿದ್ದೆ.

ಉಳಿದದ್ದು ಆ ಬೆರಳುಗುರಿನ ಚಿತ್ರ. ಸಾಫ್ಟ್‌ವೇರ್ ತನ್ನ ಗುರುತಿಗೆಂದು ಇಟ್ಟುಕೊಂಡಿದ್ದು. ದೊಡ್ಡ ಚಿತ್ರಗಳನ್ನು ಜಾಗ ಉಳಿಸಲೆಂದು ಅದೇ ಆಗಾಗ ಅಳಿಸಿಹಾಕುತ್ತದಂತೆ. ಆ ಚಿಕ್ಕದನ್ನೇ ಎಳೆದು, ಹಿಗ್ಗಿಸಿ, ತೀಡಿ ನೋಡಿದೆ. ಹಿಗ್ಗಿಸಿದಷ್ಟೂ ಚೌಕಚೌಕವಾಯಿತು. ಆದರೂ ಅದನ್ನೇ ಮೊಬೈಲಿಗೆ ಹಾಕಿಕೊಂಡು ಆದಿತ್ಯವಾರ ಹೊರಟೆ. ಕಾಪುವಿಗೆ ಹೋಗಿ ಅತ್ತೆಯನ್ನು ಕೂರಿಸಿಕೊಂಡು, ಉಚ್ಚಿಲ ದಾಟಿ, ಪಡುಬಿದ್ರಿಯಲ್ಲಿ ಕಾರ್ಕಳದ ದಾರಿ ಹಿಡಿದೆವು. ದಾರಿಯಲ್ಲಿ ಫೋಟೊ ಹೋದದ್ದನ್ನು ಅವರಿಗೆ ಹೇಳಿದೆ.

'ಇನ್ನೊಂದು ಉಂಟು ಅಂತ ಹೇಳಿದ್ರಲ್ಲ?'

'ಅದು ಬರೇ ಪಟ್ಟಿ ಅತ್ತೆ.'

'ಪಟ್ಟಿ ಯಾರಿಗೆ ಬೇಕಾಗಿತ್ತು?' ಎಂದರು. ಅವರು ನನ್ನ ಮೇಲೆ ಸಿಟ್ಟಾದದ್ದು ಅದೇ ಮೊದಲು.

ಚಿಕ್ಕಮ್ಮನ ಮನೆಯ ಚಾವಡಿಯಲ್ಲಿ ದೊಡ್ಡಪ್ಪ ಆಗಲೇ ಬಂದು ಕುಳಿತಿದ್ದರು. ಕಾಪಿ ಬಂತು, ಅವಲಕ್ಕಿ ಬಂತು. ಅಡುಗೆಯವರು ಯಾರು, ಚಪ್ಪರ ಎಷ್ಟು ಉದ್ದ ಎಂಬ ಮಾತೆಲ್ಲ ಮುಗಿದ ಮೇಲೆ ಧಾರೆಯ ಮಾತು ಬಂತು. ಅತ್ತೆ ತಾವಾಗಿ ಬಾಯಿ ತೆಗೆದರು.

'ಭಾವ, ಕಾಪುವಿನಲ್ಲಿ ಎರೆದದ್ದು ನಾನೇ. ನಾನು ಎರೆದದ್ದು ನನಗೆ ಗೊತ್ತಿಲ್ವಾ?'

'ನೀನು ಇದ್ದಿ, ಇಲ್ಲ ಅಂತ ನಾನು ಹೇಳುದಿಲ್ಲ' ಎಂದರು ದೊಡ್ಡಪ್ಪ, ಬಹಳ ಮೆತ್ತಗೆ. 'ಆ ದಿನ ನಿನ್ನ ಕಣ್ಣಲ್ಲಿ ನೀರು. ನಿನಗೆ ಎಂತ ಕಂಡಿತು, ಎಂತ ನೆನಪು ಉಂಟು? ಗಿಂಡಿ ನನ್ನ ಕೈಯಲ್ಲಿ ಇದ್ದದ್ದು. ಅಳಿಯಂದಿರು ಫೋಟೊ ಉಂಟು ಅಂತ ಹೇಳಿದ್ದಾರಂತೆ. ತೋರಿಸ್ಲಿ. ಹಾಗೆ ಇದ್ರೆ ನಾನು ಎದುರು ಮಾತಾಡುದಿಲ್ಲ.'

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮೊಬೈಲ್ ಕೊಟ್ಟೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಚಿತ್ರವನ್ನು ಅಗಲ ಮಾಡಿದರು. ಇನ್ನೂ ಅಗಲ ಮಾಡಿದರು. ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಒಂದು ಹಸಿರು ಚೌಕ, ಒಂದು ಬಿಳಿ ಚೌಕ, ನಡುವೆ ಗೋಧಿ ಬಣ್ಣದ ನಾಲ್ಕು ಚೌಕಗಳು.

'ಇದು ಯಾರ ಕೈ, ನೀವೇ ಹೇಳಿ' ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

'ಅತ್ತೆಯದ್ದು. ನಾನು ತೆಗೆದದ್ದಲ್ವಾ ದೊಡ್ಡಪ್ಪ, ನಾನು ಕಣ್ಣಾರೆ ನೋಡಿದ್ದೇನೆ. ಮೂಲ ಫೋಟೊ ಇದ್ದ ಡಿಸ್ಕ್ ಹಾಳಾಗಿದೆ. ಬ್ಯಾಕಪ್ ಮಾಡಿದ್ದೆ, ಆದರೆ ಅದರಲ್ಲಿ...'

ವಿವರಿಸಲು ಹೊರಟೆ. ಕ್ಯಾಟಲಾಗು, ಅಂದರೆ ಪಟ್ಟಿ ಬೇರೆ, ರಾ ಕಡತ ಬೇರೆ ಎಂದೆ. ನಾನೇ ಕೇಳಿಸಿಕೊಂಡರೆ, ಹೋಮ್‌ವರ್ಕ್ ತರದವನು ತರಗತಿಯಲ್ಲಿ ಕೊಡುವ ಸಬೂಬಿನಂತಿತ್ತು. ದೊಡ್ಡಪ್ಪ ತಲೆದೂಗಿ, ಮೊಬೈಲನ್ನು ಜೋಪಾನವಾಗಿ ಹಿಂದೆ ಕೊಟ್ಟರು.

'ಇರ್ಲಿ, ಆಲ್ಬಮ್ ಉಂಟಲ್ಲ. ನೀವೇ ತೆಗೆದ ಫೋಟೊ ಅದು' ಎಂದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಬೇಕು. ಹುಣ್ಣು ಹೆಂಗಸಿನ ಅಂಗೈಯಲ್ಲಿದ್ದರೆ ಕನ್ನಡಿ ಬೇಕು, ಅದೂ ಒಳ್ಳೆಯ ದರ್ಜೆಯ ಕನ್ನಡಿ. ಅತ್ತೆಯ ಮಾತು, ಫೋನಿನಲ್ಲಿ ನಾದಿನಿ ಹೇಳಿದ ಮಾತು, ಫೋಟೊ ತೆಗೆದವನ ಮಾತು ಒಂದು ಕಡೆ ಇದ್ದರೂ, ಹೊಳೆಯುವ ಕಾಗದದ ಮೇಲಿದ್ದ ಒಂದು ಕೈ ಇನ್ನೊಂದು ಕಡೆ ತೂಗಿತು. ಭಟ್ಟರನ್ನು ಕೇಳೋಣ ಎಂದೆ. ಅವರು ಎಷ್ಟು ಮದುವೆ ಮಾಡಿಸುತ್ತಾರೆ, ಅವರಿಗೆ ಎಂತ ನೆನಪಿರುತ್ತದೆ ಎಂದು ದೊಡ್ಡಪ್ಪ ಹೇಳಿದರು. ಫೋನ್ ಮಾಡಿದರೆ ಭಟ್ಟರೂ ಅದನ್ನೇ ಹೇಳಿದರು.

ಚಿಕ್ಕಮ್ಮ ಅಷ್ಟು ಹೊತ್ತೂ ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದರು. ನಾವು ಹೊರಡುವಾಗ ಅಂಗಳದವರೆಗೆ ಬಂದು ನನ್ನೊಬ್ಬನಿಗೇ ಕೇಳುವಂತೆ ಹೇಳಿದರು.

'ಫೋಟೊ ಉಂಟು ಅಂತ ಹೇಳಿದ್ದಕ್ಕೆ ನಾನು ಬಾಯಿ ಬಿಟ್ಟದ್ದು. ಇಲ್ಲದಿದ್ರೆ ಕೇಳ್ತಲೇ ಇರ್ಲಿಲ್ಲ.'

ಅವರ ಮಗಳಾದರೂ ಹಟ ಹಿಡಿಯುತ್ತಾಳೋ ಎಂದು ನನಗೆ ಆಸೆಯಿತ್ತು. ಅವಳು ನಾದಿನಿಯ ಹಾಗಲ್ಲ, ಅಮ್ಮನ ಹಾಗೆ. ಅಮ್ಮನೇ ಬೇಡ ಎಂದು ಕೈಸನ್ನೆ ಮಾಡಿದ ಮೇಲೆ ಸುಮ್ಮನಾದಳು.

ಮದುವೆ ಕಾರ್ಕಳದ ಒಂದು ಹಾಲಿನಲ್ಲಿ ನಡೆಯಿತು. ಫೋಟೊಕ್ಕೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ, ಅಳಿಯ ಇದ್ದಾರಲ್ಲ. ನಾನು ಕ್ಯಾಮರಾ ತೂಗುಹಾಕಿಕೊಂಡು ಹೋದೆ. ಹೋಗದಿದ್ದರೆ ಅದಕ್ಕೊಂದು ಬೇರೆ ಪಂಚಾತಿಕೆಯಾಗುತ್ತಿತ್ತು. ಅತ್ತೆ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಮುಹೂರ್ತ ಹತ್ತಿರ ಬಂದಾಗ ದೊಡ್ಡಪ್ಪ ಮತ್ತು ದೊಡ್ಡಮ್ಮ ಮಂಟಪ ಹತ್ತಿದರು. ಸ್ವಲ್ಪ ಮೊದಲು ಯಾರೋ ಚಿಕ್ಕಮ್ಮನ ಹತ್ತಿರ ಹೋಗಿ, ಮೊದಲ ಪಂಕ್ತಿಗೆ ಎಲೆ ಹಾಕಿಸಿದಿರಾ ಎಂದು ಕೇಳಿದ್ದನ್ನು ನಾನು ನೋಡಿದೆ. ಅವರು ಎದ್ದು ಊಟದ ಹಾಲಿನ ಕಡೆ ಹೋದರು. ದೊಡ್ಡಪ್ಪ ಗಿಂಡಿ ಎತ್ತಿದರು. ಬೆಳಕು ಬದಿಯ ಕಿಟಕಿಯಿಂದ ಚೆನ್ನಾಗಿ ಬೀಳುತ್ತಿತ್ತು. ಸಿಟ್ಟಿನಲ್ಲಿದ್ದರೂ ನನ್ನ ಬೆರಳು ತಪ್ಪಲಿಲ್ಲ.

ಮನೆಗೆ ಬಂದವನೇ ಈ ಸಲ ಸಾಫ್ಟ್‌ವೇರನ್ನು ಕೇಳಲು ಹೋಗಲಿಲ್ಲ. ರಾ ಕಡತಗಳನ್ನು ನಾನೇ ಕೈಯಾರೆ ಎರಡು ಹೊಸ ಡಿಸ್ಕಿಗೆ ನಕಲು ಮಾಡಿದೆ, ಇನ್ನೊಂದು ನಕಲನ್ನು ಕಾಲೇಜಿನ ಕಪಾಟಿನಲ್ಲಿಟ್ಟೆ. ಒಂದೊಂದನ್ನೂ ತೆರೆದು ನೋಡಿದ್ದೇನೆ, ಎಲ್ಲ ಸರಿಯಾಗಿ ತೆರೆಯುತ್ತವೆ. ಧಾರೆಯ ಫೋಟೊ ಬಹಳ ಚೆನ್ನಾಗಿ ಬಂದಿದೆ. ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ, ಗಿಂಡಿ ಹಿಡಿದ ದೊಡ್ಡಪ್ಪನ ಕೈಯ ಒಂದೊಂದು ನರವೂ ಕಾಣುತ್ತದೆ. ಚಿಕ್ಕಮ್ಮ ಅದರಲ್ಲಿ ಇಲ್ಲ.